ರ‍್ಯಾಲಿ ವಿಡಿಯೊ ಗೇಮ್: ಬಿಡುಗಡೆಗೆ ಮುನ್ನ ಆಡಿ ನೋಡುವುದು ಹೇಗೆ?

ಚಿಕ್ಕಮಗಳೂರಿನಿಂದ ಹೊರಟು ಕೈಮರ ದಾಟಿದ ರಸ್ತೆ ಚಂದ್ರದ್ರೋಣ ಪರ್ವತಶ್ರೇಣಿಯನ್ನು ಏರುತ್ತ, ಅತ್ತಿಗುಂಡಿಯ ಮೂಲಕ ಬಾಬಾಬುಡನ್‌ಗಿರಿಯತ್ತ ಸಾಗುತ್ತದೆ. ಒಂದು ಬದಿಗೆ ಕಡಿದ ಗುಡ್ಡ, ಇನ್ನೊಂದು ಬದಿಗೆ ಕಾಫಿ ತೋಟದ ಇಳಿಜಾರು ಅಥವಾ ಬರಿಯ ಕಣಿವೆ. ಮಳೆಗಾಲದಲ್ಲಿ ಗುಡ್ಡದ ಮಣ್ಣು ಡಾಂಬರಿನ ಮೇಲೆ ಹರಿದು ನಿಲ್ಲುತ್ತದೆ. ಸಿಲ್ವರ್ ಮರದ ಎಲೆಗಳು ಒದ್ದೆಯಾಗಿ ನೆಲಕ್ಕೆ ಅಂಟಿಕೊಳ್ಳುತ್ತವೆ. ಮಂಜು ಕವಿದರೆ ಹತ್ತು ಮಾರು ದೂರದ ತಿರುವೂ ಕಾಣದು. ಇಂಥ ರಸ್ತೆಯಲ್ಲಿ ನಿತ್ಯ ಜೀಪು ಓಡಿಸುವವರು ಚಕ್ರ ಜಾರುವುದನ್ನು ಮೊದಲು ತಿಳಿಯುವುದು ಕಣ್ಣಿನಿಂದಲ್ಲ. ಸ್ಟೇರಿಂಗ್ ಹಿಡಿದ ಕೈಯಿಂದ, ಸೀಟಿಗೆ ಒರಗಿದ ಬೆನ್ನಿನಿಂದ. ಆ ತಿಳಿವನ್ನು ಗಣಿತಕ್ಕೆ ಇಳಿಸಿ, ಪರದೆಯ ಎದುರು ಕುಳಿತವರಿಗೂ ದಾಟಿಸುವ ಪ್ರಯತ್ನವೇ ರ‍್ಯಾಲಿ ವಿಡಿಯೊ ಗೇಮ್.

ಹೊಸ ಆಟವೊಂದು ಮಾರಾಟಕ್ಕೆ ಬರುವ ಮೊದಲು ಅದರ ಅಪೂರ್ಣ ಪ್ರತಿಯನ್ನು ಕೆಲವರಿಗೆ ಆಡಲು ಕೊಡುವ ವಾಡಿಕೆಯಿದೆ. ಅವರು ಬರೆಯುವ ಮೊದಲ ಅನಿಸಿಕೆಗಳಲ್ಲಿ ಬೆಳಕು, ಬಣ್ಣ, ಕಾರುಗಳ ಸಂಖ್ಯೆ ಇವುಗಳಿಗೇ ಹೆಚ್ಚು ಜಾಗ ಸಿಗುತ್ತದೆ. ಆದರೆ ಅಪೂರ್ಣ ಪ್ರತಿಯಲ್ಲೂ ಖಚಿತವಾಗಿ ಅಳೆಯಬಹುದಾದ ಗುಣ ಬೇರೆಯೇ ಇದೆ: ಹಿಡಿತ ತಪ್ಪುವ ಮುನ್ಸೂಚನೆಯನ್ನು ಆಟವು ಕೈಗೆ ಮುಟ್ಟಿಸುತ್ತದೆಯೇ ಎಂಬುದು. ಅದು ಹೇಗೆ ಸಾಧ್ಯವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರ‍್ಯಾಲಿ ಎಂದರೇನು?

ಸುತ್ತಿ ಮತ್ತೆ ಆರಂಭಕ್ಕೇ ಮರಳುವ ಪಥದಲ್ಲಿ ಹಲವು ಕಾರುಗಳು ಒಟ್ಟಿಗೆ ಓಡುವ ಸ್ಪರ್ಧೆ ಸರ್ಕ್ಯೂಟ್ ರೇಸ್. ರ‍್ಯಾಲಿಯಲ್ಲಿ ಎದುರಾಳಿ ಗಡಿಯಾರ. ಸಂಚಾರ ಮುಚ್ಚಿದ ರಸ್ತೆಯ ಒಂದು ತುಂಡಿನಲ್ಲಿ ಕಾರುಗಳನ್ನು ನಿಗದಿತ ಅಂತರದಲ್ಲಿ ಒಂದೊಂದಾಗಿ ಬಿಡಲಾಗುತ್ತದೆ. ಈ ತುಂಡಿಗೆ ಸ್ಟೇಜ್ ಎಂದು ಹೆಸರು. ಎಲ್ಲ ಸ್ಟೇಜ್‌ಗಳ ವೇಳೆಯನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ರಸ್ತೆ ಡಾಂಬರಿನದಾಗಿರಬಹುದು, ಜಲ್ಲಿಯದಾಗಿರಬಹುದು, ಹಿಮದ್ದೂ ಆಗಿರಬಹುದು. ಚಾಲಕನ ಪಕ್ಕದಲ್ಲಿ ಸಹಚಾಲಕ ಕುಳಿತು ಮುಂದಿನ ತಿರುವುಗಳನ್ನು ಓದಿ ಹೇಳುತ್ತಾನೆ.

ರ‍್ಯಾಲಿ ಆಟಗಳಲ್ಲಿ ಎರಡು ಕವಲುಗಳಿವೆ. ಆರ್ಕೇಡ್ ಮಾದರಿಯ ಆಟ ಸಂತೋಷಕ್ಕಾಗಿ ಭೌತನಿಯಮಗಳನ್ನು ಸಡಿಲಿಸುತ್ತದೆ. ಸಿಮ್ಯುಲೇಟರ್ ಮಾದರಿಯ ಆಟ ಆ ನಿಯಮಗಳನ್ನೇ ಸಂತೋಷದ ಮೂಲವಾಗಿಸುತ್ತದೆ. 1990ರ ದಶಕದ ನಡುವಿನಲ್ಲಿ ಬಂದ ‘ಸೆಗಾ ರ‍್ಯಾಲಿ ಚಾಂಪಿಯನ್‌ಷಿಪ್’ ಆರ್ಕೇಡ್ ಆಟವೇ ಆದರೂ ಡಾಂಬರು, ಜಲ್ಲಿ, ಕೆಸರುಗಳಿಗೆ ಬೇರೆ ಬೇರೆ ಹಿಡಿತ ಕೊಟ್ಟು ದಾರಿ ತೋರಿಸಿತು. 1998ರ ‘ಕಾಲಿನ್ ಮೆಕ್‌ರೇ ರ‍್ಯಾಲಿ’ ಮನೆಮನೆಯ ಪ್ಲೇಸ್ಟೇಷನ್‌ಗೆ ರ‍್ಯಾಲಿಯನ್ನು ತಂದಿತು. 1995ರ ವಿಶ್ವ ಚಾಂಪಿಯನ್ ಮೆಕ್‌ರೇ ಅವರ ಸಹಚಾಲಕ ನಿಕಿ ಗ್ರಿಸ್ಟ್ ಅವರೇ ಅದರಲ್ಲಿ ತಿರುವುಗಳನ್ನು ಓದಿದ್ದರು. 2004ರ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’ ಎಷ್ಟು ಕಠಿಣವಾಗಿತ್ತೆಂದರೆ ಆರಂಭದಲ್ಲಿ ಬಹುಮಂದಿ ಅದನ್ನು ಬದಿಗಿಟ್ಟರು. ಅಭಿಮಾನಿಗಳು ಹೊಸ ರಸ್ತೆಗಳನ್ನೂ ಹೊಸ ಕಾರುಗಳನ್ನೂ ಸೇರಿಸುತ್ತ ಬಂದುದರಿಂದ ಎರಡು ದಶಕ ಕಳೆದರೂ ಅದನ್ನು ಇಂದಿಗೂ ಆಡುವವರಿದ್ದಾರೆ. ಚಿತ್ರ ಹಳತಾಗುತ್ತದೆ, ಲೆಕ್ಕ ಸರಿಯಿದ್ದರೆ ಆಟ ಹಳತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಾಫಿ ತೋಟದ ಸ್ಟೇಜ್‌ಗಳು

ಚಿಕ್ಕಮಗಳೂರಿಗೆ ರ‍್ಯಾಲಿ ಹೊಸದಲ್ಲ. ಭಾರತೀಯ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿ ಹಲವು ಬಾರಿ ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತಿಗೂ 2016 ಮತ್ತು 2017ರಲ್ಲಿ ಚಿಕ್ಕಮಗಳೂರೇ ಆತಿಥ್ಯ ವಹಿಸಿತ್ತು. ಆ ಚಾಂಪಿಯನ್‌ಷಿಪ್ ಅನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೋಟಾರು ಕ್ರೀಡೆಗೆ ಆ ಗೌರವ ದೊರೆತದ್ದು ಅದೇ ಮೊದಲು. ಗಿಲ್ ಅವರ ಪಕ್ಕದ ಸೀಟಿನಲ್ಲಿ ಕುಳಿತು ತಿರುವು ಓದಿದವರಲ್ಲಿ ಕಾಸರಗೋಡಿನ ಮೂಸಾ ಶರೀಫ್ ಒಬ್ಬರು. 2022ರ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಪಟ್ಟ ಬೆಂಗಳೂರಿನ ಕರ್ಣ ಕಡೂರ್ ಮತ್ತು ಸಹಚಾಲಕ ನಿಖಿಲ್ ಪೈ ಅವರಿಗೆ ಸಂದಿತು.

ಈ ಸ್ಪರ್ಧೆಗಳು ಗಿರಿಯ ಸಾರ್ವಜನಿಕ ರಸ್ತೆಯಲ್ಲಿ ನಡೆಯುವುದಿಲ್ಲ, ನಡೆಯಲೂ ಬಾರದು. ಖಾಸಗಿ ಕಾಫಿ ಎಸ್ಟೇಟುಗಳ ಒಳಗಿನ ಮಣ್ಣು ರಸ್ತೆಗಳೇ ಇಲ್ಲಿ ಸ್ಟೇಜ್‌ಗಳಾಗುತ್ತವೆ. ಕೊಯ್ಲಿನ ಮೂಟೆಯನ್ನು ಕಣಕ್ಕೆ ಸಾಗಿಸುವ ಟ್ರ್ಯಾಕ್ಟರಿಗೆಂದು ಮಾಡಿದ ಆ ದಾರಿಗಳಿಗೆ ರ‍್ಯಾಲಿಗೆ ಬೇಕಾದ ಗುಣಗಳೆಲ್ಲ ತಾವಾಗಿಯೇ ಬಂದಿವೆ: ಗುಡ್ಡದ ಮಟ್ಟಕ್ಕೆ ತಕ್ಕಂತೆ ಬಳುಕುವ ಪಥ, ಅಂಚಿಗೆ ಒತ್ತಿ ನಿಂತ ಮರಗಳು, ನೆರಳಿನಲ್ಲಿ ಮಧ್ಯಾಹ್ನದವರೆಗೂ ಆರದ ತೇವ. ಗೇಟು ಮುಚ್ಚಿದರೆ ಸಂಚಾರವೂ ನಿಲ್ಲುತ್ತದೆ. ರ‍್ಯಾಲಿ ಆಟವೊಂದು ಎಷ್ಟು ನಿಜ ಎಂದು ತೂಗಲು ಈ ಪ್ರದೇಶದ ಓದುಗರಿಗೆ ಬೇರೆ ತಕ್ಕಡಿ ಬೇಕಿಲ್ಲ.

ಬಿಡುಗಡೆಗೆ ಮುನ್ನಿನ ಪ್ರತಿ

ಆಟದ ತಯಾರಿ ಹಲವು ಘಟ್ಟಗಳಲ್ಲಿ ನಡೆಯುತ್ತದೆ. ಮುಖ್ಯ ಅಂಗಗಳು ಕೂಡಿಬಂದು, ಒರಟಾಗಿಯಾದರೂ ಆಡಬಹುದಾದ ಸ್ಥಿತಿಯನ್ನು ಆಲ್ಫಾ ಎನ್ನುತ್ತಾರೆ. ಎಲ್ಲವೂ ಸೇರಿ, ದೋಷ ತಿದ್ದುವುದಷ್ಟೇ ಉಳಿದಿರುವ ಸ್ಥಿತಿ ಬೀಟಾ. ಇವುಗಳ ನಡುವೆ ಎಲ್ಲೋ ಒಂದು ಕಡೆ ಪತ್ರಕರ್ತರಿಗೂ ಪರಿಣತ ಆಟಗಾರರಿಗೂ ತೋರಿಸಲು ಪ್ರಿವ್ಯೂ ಪ್ರತಿ ಸಿದ್ಧವಾಗುತ್ತದೆ. ಅದರಲ್ಲಿ ಇಡೀ ಆಟ ಇರುವುದಿಲ್ಲ. ಮೂರೋ ನಾಲ್ಕೋ ಕಾರುಗಳು, ಚೆನ್ನಾಗಿ ಪಳಗಿಸಿದ ಒಂದೆರಡು ರಸ್ತೆಗಳು, ಬಹುತೇಕ ದುಬಾರಿ ಕಂಪ್ಯೂಟರಿನ ಮೇಲೆ. ಮದುವೆಗೆ ಮುನ್ನ ಹೆಣ್ಣಿನ ಮನೆಯವರು ಉಣಬಡಿಸುವ ಊಟದಂತೆ ಅದು. ರುಚಿ ಸುಳ್ಳಲ್ಲ, ಆದರೆ ದಿನದ ಅಡುಗೆಯೂ ಅಲ್ಲ. ಇಂತಿಷ್ಟು ದಿನಾಂಕದವರೆಗೆ ಏನನ್ನೂ ಬರೆಯಬಾರದೆಂಬ ನಿರ್ಬಂಧವೂ ಜೊತೆಗಿರುತ್ತದೆ.

ಅರ್ಲಿ ಆಕ್ಸೆಸ್ ಎಂಬ ಇನ್ನೊಂದು ಪದ್ಧತಿಯಲ್ಲಿ ಅಪೂರ್ಣ ಆಟವನ್ನೇ ಸಾರ್ವಜನಿಕರಿಗೆ ಮಾರಿ, ಅವರ ದೂರು ಕೇಳುತ್ತ ಪೂರ್ಣಗೊಳಿಸಲಾಗುತ್ತದೆ. ‘ಡರ್ಟ್ ರ‍್ಯಾಲಿ’ ಹೀಗೆ 2015ರ ಏಪ್ರಿಲ್‌ನಲ್ಲಿ ಮಾಂಟೆ ಕಾರ್ಲೊ, ವೇಲ್ಸ್‌ನ ಪೋವಿಸ್, ಗ್ರೀಸ್‌ನ ಆರ್ಗೊಲಿಸ್ ಎಂಬ ಮೂರು ನೆಲೆಗಳೊಂದಿಗೆ ಬಂದು, ಜರ್ಮನಿ, ಫಿನ್ಲೆಂಡ್, ಸ್ವೀಡನ್‌ಗಳನ್ನು ಸೇರಿಸಿಕೊಂಡು ಅದೇ ಡಿಸೆಂಬರ್‌ನಲ್ಲಿ ಪೂರ್ಣರೂಪ ತಾಳಿತು. 2025ರ ನವೆಂಬರ್‌ನಲ್ಲಿ ‘ಅಸೆಟ್ಟೊ ಕೋರ್ಸಾ ರ‍್ಯಾಲಿ’ಯೂ ಇದೇ ದಾರಿ ಹಿಡಿದು, ವೇಲ್ಸ್‌ನ ಜಲ್ಲಿ ರಸ್ತೆ ಮತ್ತು ಫ್ರಾನ್ಸ್‌ನ ಅಲ್ಸಾಸ್ ಪ್ರಾಂತ್ಯದ ಡಾಂಬರು ರಸ್ತೆಗಳೊಂದಿಗೆ ಕಾಣಿಸಿಕೊಂಡಿತು.

ಅಪೂರ್ಣ ಪ್ರತಿಯಲ್ಲಿ ಕೆಲವು ಕೊರತೆಗಳು ಬಿಡುಗಡೆಯ ವೇಳೆಗೆ ನೀಗುತ್ತವೆ, ಕೆಲವು ನೀಗುವುದಿಲ್ಲ. ಎಂಜಿನ್ನಿನ ತಾತ್ಕಾಲಿಕ ಸದ್ದು, ಮಿನುಗುವ ನೆರಳು, ಮರದೊಳಗೆ ತೂರಿಹೋಗುವ ಕಾರಿನ ಮೂತಿ, ತಪ್ಪಾದ ಆಯ್ಕೆಪಟ್ಟಿಗಳು ಸುಲಭವಾಗಿ ತಿದ್ದುವಂಥವು. ಟೈರಿನ ಲೆಕ್ಕದ ಬುನಾದಿ ಹಾಗಲ್ಲ. ಕೊನೆಯ ತಿಂಗಳುಗಳಲ್ಲಿ ಅದನ್ನು ಅಲುಗಿಸಿದರೆ ಪ್ರತಿಯೊಂದು ಕಾರನ್ನೂ ಪ್ರತಿಯೊಂದು ರಸ್ತೆಯನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಆದ್ದರಿಂದಲೇ ಮೊದಲ ಅನಿಸಿಕೆಯನ್ನು ಬರೆಯುವವರು ಹೊಳಪನ್ನು ಬಿಟ್ಟು ಹಿಡಿತವನ್ನು ನೋಡುವುದು ಲಾಭದಾಯಕ.

ಗುಡ್ಡದ ರಸ್ತೆಯನ್ನು ಕಂಪ್ಯೂಟರಿಗೆ ಇಳಿಸುವುದು

ರಸ್ತೆಯನ್ನು ಕಟ್ಟಲು ಮೊದಲು ನೆಲದ ಎತ್ತರ ಬೇಕು. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರಿನಿಂದ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ಆ ದತ್ತಾಂಶ ಇಂದು ಯಾರಿಗೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸುಮಾರು 30 ಮೀಟರಿಗೆ ಒಂದು ಬಿಂದುವಿದೆ. ಮುಳ್ಳಯ್ಯನಗಿರಿಯ ಆಕಾರವನ್ನು ದೂರದಿಂದ ಗುರುತಿಸುವಂತೆ ಮೂಡಿಸಲು ಇಷ್ಟು ಸಾಕು. ಆದರೆ ಒಳಬದಿಯಲ್ಲಿ 10 ಮೀಟರ್ ತ್ರಿಜ್ಯವಿರುವ ಹೇರ್‌ಪಿನ್ ತಿರುವಿನ ಒಳ ಅಂಚಿನ ಅಗಲ 20 ಮೀಟರ್ ಮಾತ್ರ. ಅಂದರೆ ಇಡೀ ತಿರುವು ಎರಡು ಬಿಂದುಗಳ ನಡುವೆ ಬಿದ್ದು ಮಾಯವಾಗುತ್ತದೆ. ಈ ಎತ್ತರದ ನಕ್ಷೆಯನ್ನಷ್ಟೇ ನಂಬಿ ಕಟ್ಟಿದ ಘಾಟಿ ರಸ್ತೆ ಆಟದಲ್ಲಿ ನುಣುಪಾದ ಇಳಿಜಾರಿನಂತೆ ಕಾಣುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರ ಲೇಸರ್ ಅಳತೆ. ವಾಹನದ ಮೇಲೆ ಕೂರಿಸಿದ ಉಪಕರಣ ಸುತ್ತಲೂ ಲೇಸರ್ ಕಿರಣಗಳನ್ನು ಚಿಮ್ಮಿಸಿ, ಅವು ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕೋಟ್ಯಂತರ ಬಿಂದುಗಳ ಒಂದು ಮೋಡವೇ ಸಿದ್ಧವಾಗುತ್ತದೆ. ನಿಖರತೆ ಸೆಂಟಿಮೀಟರಿನ ಮಟ್ಟಕ್ಕೆ ಇಳಿಯುತ್ತದೆ. ಆಗಷ್ಟೇ ಘಾಟಿ ರಸ್ತೆಯ ನಿಜವಾದ ಗುಣ ಸಿಗುತ್ತದೆ: ನೀರು ಹರಿದುಹೋಗಲೆಂದು ನಡುವೆ ಉಬ್ಬಿ ಬದಿಗೆ ಇಳಿಯುವ ಮೇಲ್ಮೈ, ಗುಡ್ಡದ ಬದಿಯ ಚರಂಡಿ, ಮೋರಿಯ ಮೇಲಿನ ಸಣ್ಣ ದಿಣ್ಣೆ, ಡಾಂಬರು ಕಿತ್ತ ಅಂಚು, ತಿರುವಿನ ಹೊರಗೆ ವಾಲಿದ ನೆಲ. ಕಾರನ್ನು ಕಣಿವೆಗೆ ನೂಕುವುದೂ ಗುಡ್ಡಕ್ಕೆ ಒರಗಿಸುವುದೂ ಈ ಚಿಕ್ಕ ವಾಲಿಕೆಗಳೇ.

ಮರಗಳ ತೊಂದರೆ ಬೇರೆ ಬಗೆಯದು. ಕಾಫಿ ತೋಟವೆಂದರೆ ಎರಡು ಮೂರು ಅಂತಸ್ತಿನ ಹಸಿರು: ಕೆಳಗೆ ಕಾಫಿ ಗಿಡ, ನಡುವೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಕಾಂಡಗಳು, ಮೇಲೆ ನೆರಳಿನ ಮರಗಳು. ಇಷ್ಟೂ ಎಲೆಗಳನ್ನು ಪ್ರತಿ ಚಿತ್ರದಲ್ಲೂ ಬಿಡಿಸುವುದು ಯಾವ ಯಂತ್ರಕ್ಕೂ ಹೊರೆಯೇ. ಹತ್ತಿರದ ಗಿಡಕ್ಕೆ ಪೂರ್ಣ ಆಕಾರ, ಸ್ವಲ್ಪ ದೂರದ್ದಕ್ಕೆ ಸರಳ ಆಕಾರ, ತೀರ ದೂರದ್ದಕ್ಕೆ ಬರಿಯ ಚಪ್ಪಟೆ ಚಿತ್ರ ಎಂದು ಹಂಚಿಕೊಂಡು ಆಟ ತನ್ನ ಕೆಲಸ ಉಳಿಸಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಮರ ಥಟ್ಟನೆ ಮೊಳೆತಂತೆ ಕಂಡರೆ ಅದು ಅಪೂರ್ಣತೆಯ ಗುರುತು. ಮಂಜು ಇಲ್ಲಿ ನೆರವಿಗೆ ಬರುತ್ತದೆ. ಹಳೆಯ ಆಟಗಳಲ್ಲಿ ದೂರದ ದೃಶ್ಯವನ್ನು ಬಿಡಿಸುವ ಶಕ್ತಿ ಯಂತ್ರಕ್ಕೆ ಇಲ್ಲದಿದ್ದಾಗ ಮಂಜು ಕವಿಸಿ ಮುಚ್ಚುತ್ತಿದ್ದರು. ಅತ್ತಿಗುಂಡಿಯ ಮಂಜನ್ನು ಬಿಡಿಸಹೊರಟ ಕಲಾವಿದನಿಗೆ ಆ ಆಪಾದನೆ ತಟ್ಟದು. ಅಲ್ಲಿ ಅದು ನಿಜವಾಗಿಯೂ ಇದೆ.

ಹಿಡಿತದ ಲೆಕ್ಕ

ಕಾರು ತಿರುಗುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆಯಿಂದ. ಈ ಘರ್ಷಣೆಯ ಬಲವನ್ನು ಘರ್ಷಣಾಂಕ ಎಂಬ ಒಂದು ಸಂಖ್ಯೆ ಸೂಚಿಸುತ್ತದೆ. ಒಣ ಡಾಂಬರಿನ ಮೇಲೆ ಅದು ಸುಮಾರು 0.8 ಅಥವಾ ತುಸು ಹೆಚ್ಚು. ಕೆಸರು ಸವರಿದ ಒದ್ದೆ ಡಾಂಬರಿನ ಮೇಲೆ 0.4ರ ಆಸುಪಾಸಿಗೆ ಇಳಿಯಬಹುದು. ಹಿಮಗಡ್ಡೆಯ ಮೇಲೆ 0.1ರಷ್ಟು ಮಾತ್ರ. ಸಮತಟ್ಟಾದ ತಿರುವಿನಲ್ಲಿ ಜಾರದೆ ಹೋಗಬಹುದಾದ ಗರಿಷ್ಠ ವೇಗ, ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತಿರುವಿನ ತ್ರಿಜ್ಯಗಳ ಗುಣಲಬ್ಧದ ವರ್ಗಮೂಲಕ್ಕೆ ಸಮ. ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಬರುವ ಲೆಕ್ಕವೇ ಇದು.

ತ್ರಿಜ್ಯ 10 ಮೀಟರ್ ಇರುವ ಹೇರ್‌ಪಿನ್‌ನಲ್ಲಿ ಒಣ ಡಾಂಬರಿದ್ದರೆ ಈ ಸೂತ್ರ ಗಂಟೆಗೆ ಸುಮಾರು 32 ಕಿಲೋಮೀಟರ್ ಎನ್ನುತ್ತದೆ. ಅದೇ ತಿರುವಿಗೆ ಮಣ್ಣು ಹರಿದು ಹಿಡಿತ ಅರ್ಧವಾದರೆ ವೇಗ ಅರ್ಧಕ್ಕೆ ಇಳಿಯುವುದಿಲ್ಲ. 22 ಅಥವಾ 23 ಕಿಲೋಮೀಟರಿಗೆ ಇಳಿಯುತ್ತದೆ. ವರ್ಗಮೂಲದ ಕರುಣೆ ಅಷ್ಟರ ಮಟ್ಟಿಗೆ ಇದೆ. ಬ್ರೇಕಿನ ವಿಷಯದಲ್ಲಿ ಆ ಕರುಣೆಯೂ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸಮತಟ್ಟಾದ ಒಣ ಡಾಂಬರಿನಲ್ಲಿ, ಬ್ರೇಕು ಹಿಡಿದ ಮೇಲೆ ಸುಮಾರು 18 ಮೀಟರಿನಲ್ಲಿ ನಿಲ್ಲಬಲ್ಲದು. ಹಿಡಿತ ಅರ್ಧವಾದಾಗ ಸುಮಾರು 35 ಮೀಟರ್ ಬೇಕು. ಇನ್ನು ಗುಡ್ಡದ ಇಳಿಜಾರನ್ನು ಲೆಕ್ಕಕ್ಕೆ ಸೇರಿಸಬೇಕು. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಅದೇ ಜಾರು ರಸ್ತೆಯಲ್ಲಿ ಕೆಳಮುಖವಾಗಿ ಬರುವ ಕಾರಿಗೆ ಸುಮಾರು 47 ಮೀಟರ್, ಮೇಲ್ಮುಖವಾಗಿ ಹೋಗುವ ಕಾರಿಗೆ ಸುಮಾರು 28 ಮೀಟರ್. ಘಾಟಿಯಲ್ಲಿ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ರೂಢಿಯನ್ನು ಪಾಲಿಸುವವರೂ ಇಳಿಯುವಾಗ ಎರಡನೇ ಗೇರಿಗೆ ಹಾಕುವವರೂ ಈ ಅಂಕಿಗಳನ್ನು ಬರೆದಿಟ್ಟುಕೊಂಡವರಲ್ಲ, ಆದರೆ ಉತ್ತರ ಅವರಿಗೆ ಗೊತ್ತಿದೆ. ಪ್ರಿವ್ಯೂ ಪ್ರತಿಯಲ್ಲಿ ಒಂದೇ ಸ್ಟೇಜ್ ಅನ್ನು ಏರುಮುಖವಾಗಿಯೂ ಇಳಿಮುಖವಾಗಿಯೂ ಓಡಿಸಿದಾಗ ಬ್ರೇಕು ಹಿಡಿಯುವ ಜಾಗ ಬದಲಾಗದಿದ್ದರೆ ಆ ಆಟದ ಗುಡ್ಡ ಬರಿಯ ಹಿನ್ನೆಲೆಯ ಪರದೆ.

ನಿಜವಾದ ಟೈರು ಮೇಲಿನ ಸೂತ್ರದಷ್ಟು ಸರಳವಲ್ಲ. ರಬ್ಬರು ಹಿಗ್ಗುತ್ತದೆ. ತಿರುಗುವ ಕಾರಿನ ಚಕ್ರ ನೋಡುತ್ತಿರುವ ದಿಕ್ಕಿಗೂ ಅದು ಸಾಗುತ್ತಿರುವ ದಿಕ್ಕಿಗೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಇದನ್ನು ಜಾರುಕೋನ ಎನ್ನಬಹುದು. ಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತ ಹೋಗಿ, ಡಾಂಬರಿನ ಮೇಲೆ ಕೆಲವೇ ಡಿಗ್ರಿಗಳಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಈ ಏರಿಳಿತದ ರೇಖೆಯನ್ನು ಒಂದೇ ಸಮೀಕರಣದಲ್ಲಿ ಹಿಡಿದವರು ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಮತ್ತು ಸಂಗಡಿಗರು. 1980ರ ದಶಕದಲ್ಲಿ ರೂಪುಗೊಂಡ ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಎಂಬ ಹೆಸರೇ ನಿಂತಿದೆ, ಏಕೆಂದರೆ ಅದು ಪ್ರಯೋಗದ ಅಂಕಿಗಳಿಗೆ ಸೊಗಸಾಗಿ ಹೊಂದುತ್ತದೆಯೇ ಹೊರತು ರಬ್ಬರಿನ ಒಳಗಿನ ಕಾರಣವನ್ನು ಹೇಳುವುದಿಲ್ಲ. ಹಲವು ರೇಸಿಂಗ್ ಆಟಗಳ ಟೈರು ಈ ಸಮೀಕರಣದ ಸಂತಾನ. ಜಲ್ಲಿಯ ಮೇಲೆ ಕಥೆ ಬದಲಾಗುತ್ತದೆ. ಅಲ್ಲಿ ಟೈರು ಕಲ್ಲುಗಳನ್ನು ಉಳುತ್ತ ತನ್ನ ಪಕ್ಕದಲ್ಲಿ ದಿಬ್ಬ ಕಟ್ಟಿಕೊಳ್ಳುತ್ತದೆ. ದೊಡ್ಡ ಜಾರುಕೋನದಲ್ಲೂ ಹಿಡಿತ ಉಳಿಯುತ್ತದೆ. ರ‍್ಯಾಲಿ ಕಾರು ತಿರುವಿಗೆ ಅಡ್ಡಡ್ಡವಾಗಿ ಬರುವುದು ಪ್ರದರ್ಶನಕ್ಕಲ್ಲ.

ಸ್ಟೇರಿಂಗ್ ಹಗುರಾಗುವ ಗಳಿಗೆ

ಆಟಕ್ಕೆಂದೇ ಮಾಡಿದ ಸ್ಟೇರಿಂಗ್ ಚಕ್ರದೊಳಗೆ ಒಂದು ಮೋಟಾರು ಇರುತ್ತದೆ. ಆಟ ಲೆಕ್ಕ ಹಾಕಿದ ಬಲವನ್ನು ಅದು ಕೈಗೆ ಮರಳಿಸುತ್ತದೆ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎಂದು ಹೆಸರು. ಗಿಯರಿನ ಮೂಲಕ ಕೆಲಸ ಮಾಡುವ ಅಗ್ಗದ ಚಕ್ರಗಳು ಸುಮಾರು 2 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತವೆ. ಮೋಟಾರಿನ ದಂಡಕ್ಕೇ ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಚಕ್ರಗಳು 5ರಿಂದ 20ಕ್ಕೂ ಹೆಚ್ಚು ನ್ಯೂಟನ್ ಮೀಟರ್ ಕೊಡುತ್ತವೆ. ಬೆರಳು ಸಿಕ್ಕಿದರೆ ಪೆಟ್ಟಾಗುವಷ್ಟು ಅವುಗಳ ಬಲ.

ಆದರೆ ಬಲ ಹೆಚ್ಚಿದ ಮಾತ್ರಕ್ಕೆ ಮಾಹಿತಿ ಹೆಚ್ಚುವುದಿಲ್ಲ. ನೆಲಕ್ಕೆ ಅಂಟಿದ ಟೈರಿನ ಭಾಗದಲ್ಲಿ ಬದಿಯ ಬಲ ನಡುಮಧ್ಯದಲ್ಲಿ ಕೂರುವುದಿಲ್ಲ, ಸ್ವಲ್ಪ ಹಿಂದಕ್ಕೆ ಕೂರುತ್ತದೆ. ಈ ಸಣ್ಣ ಅಂತರದಿಂದಾಗಿಯೇ ಕೈ ಬಿಟ್ಟರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲು ಹವಣಿಸುತ್ತದೆ. ಟೈರು ತನ್ನ ಮಿತಿಯನ್ನು ಸಮೀಪಿಸಿದಂತೆ ಹಿಂಭಾಗ ಮೊದಲು ಜಾರತೊಡಗಿ ಆ ಅಂತರ ಕುಗ್ಗುತ್ತದೆ. ಪರಿಣಾಮವಾಗಿ ಹಿಡಿತ ಶಿಖರ ಮುಟ್ಟುವ ತುಸು ಮೊದಲೇ ಸ್ಟೇರಿಂಗ್ ಹಗುರಾಗುತ್ತದೆ. ಕಾರು ಜಾರಿದ ಮೇಲೆ ಅಲ್ಲ, ಜಾರುವ ಮೊದಲು. ಘಾಟಿ ಚಾಲಕ ಹೇಳುವ ‘ಸ್ಟೇರಿಂಗ್ ಹಗುರ ಬಂತು’ ಎಂಬ ಮಾತಿನಲ್ಲಿ ಈ ಭೌತಶಾಸ್ತ್ರ ಅಡಗಿದೆ.

ಒಳ್ಳೆಯ ಆಟ ಈ ಇಳಿಕೆಯನ್ನು ಟೈರಿನ ಲೆಕ್ಕದಿಂದಲೇ ಹೊರತೆಗೆಯುತ್ತದೆ. ಇನ್ನು ಕೆಲವು ಆಟಗಳು ಕಾರು ಜಾರಿದಾಗ ಸಿದ್ಧಪಡಿಸಿದ ನಡುಕವೊಂದನ್ನು ಚಕ್ರಕ್ಕೆ ಕಳಿಸಿ ಸುಮ್ಮನಾಗುತ್ತವೆ. ಎರಡನೆಯದು ಮೊದಲ ಹತ್ತು ನಿಮಿಷ ರೋಚಕವಾಗಿರುತ್ತದೆ. ಆಮೇಲೆ ಗದ್ದಲ ಮಾತ್ರ. ಚಕ್ರವಿಲ್ಲದೆ ಕೈಯಲ್ಲಿ ಹಿಡಿಯುವ ಗೇಮ್‌ಪ್ಯಾಡ್ ಬಳಸುವವರಿಗೆ ಈ ಮುನ್ಸೂಚನೆ ಟೈರಿನ ಸದ್ದಿನಿಂದ ಸಿಗಬೇಕು: ಒಣ ಡಾಂಬರಿನ ಮೇಲೆ ಕೀರಲು, ಜಲ್ಲಿಯ ಮೇಲೆ ಕಾರಿನ ತಳಕ್ಕೆ ಕಲ್ಲು ಬಡಿಯುವ ಸದ್ದಿನ ಏರಿಳಿತ, ಕೆಸರಿನಲ್ಲಿ ಸದ್ದು ಥಟ್ಟನೆ ಅಡಗುವುದು.

ಚೌಕಟ್ಟು ಮತ್ತು ವಿಳಂಬ

ಪರದೆಯ ಮೇಲಿನ ಚಲನೆ ಬಿಡಿ ಬಿಡಿ ಚಿತ್ರಗಳ ಸಾಲು. ಸೆಕೆಂಡಿಗೆ 60 ಚಿತ್ರಗಳಿದ್ದರೆ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಪ್ರತಿ ಚಿತ್ರದ ನಡುವೆ 28 ಸೆಂಟಿಮೀಟರ್ ಸಾಗಿರುತ್ತದೆ. 30 ಚಿತ್ರಗಳಿದ್ದರೆ 56 ಸೆಂಟಿಮೀಟರ್. ಟೈರಿನ ಲೆಕ್ಕಕ್ಕೆ ಇದು ತೀರ ಒರಟು, ಗುಂಡಿಯ ಅಂಚನ್ನು ಕಾರು ಹಾರಿಯೇ ಹೋಗಬಹುದು. ಹಾಗಾಗಿ ಭೌತಗಣನೆಯನ್ನು ಚಿತ್ರದಿಂದ ಬೇರ್ಪಡಿಸಿ ಹೆಚ್ಚು ವೇಗದಲ್ಲಿ ನಡೆಸುತ್ತಾರೆ. ‘ಫೋರ್ಜಾ ಮೋಟಾರ್‌ಸ್ಪೋರ್ಟ್’ ಸರಣಿಯಲ್ಲಿ ಅದು ಸೆಕೆಂಡಿಗೆ 360 ಬಾರಿ ನಡೆಯುತ್ತದೆ. ಅದೇ ವೇಗದ ಕಾರಿಗೆ ಅದು ಐದು ಸೆಂಟಿಮೀಟರಿಗಿಂತ ಚಿಕ್ಕ ಹೆಜ್ಜೆ.

ಸ್ಟೇರಿಂಗ್ ತಿರುಗಿಸಿದ ಗಳಿಗೆಗೂ ಪರದೆ ಬದಲಾಗುವ ಗಳಿಗೆಗೂ ನಡುವಿನ ವಿಳಂಬ ಸೆಕೆಂಡಿನ ಹತ್ತನೇ ಒಂದು ಭಾಗವಾದರೆ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಆಗಲೇ 1.67 ಮೀಟರ್ ಮುಂದೆ ಹೋಗಿರುತ್ತದೆ. ಅಗಲ ಕಿರಿದಾದ ರಸ್ತೆಯಲ್ಲಿ ಅಷ್ಟೇ ಸಾಕು, ಚರಂಡಿಗೆ ಇಳಿಯಲು. ಟಿವಿಯ ಎದುರು ಆಡುವವರು ವಿಳಂಬ ತಗ್ಗಿಸುವ ಅದರ ಗೇಮ್ ಮೋಡ್ ಹಾಕಿಕೊಳ್ಳದೆ ಆಟವನ್ನು ದೂರುವುದು ಸಾಮಾನ್ಯ.

ಸಹಚಾಲಕನ ದನಿ

ಸ್ಪರ್ಧೆಗೆ ಮುನ್ನ ಚಾಲಕನೂ ಸಹಚಾಲಕನೂ ಸ್ಟೇಜ್ ಅನ್ನು ನಿಧಾನವಾಗಿ ಸುತ್ತಿ ತಿರುವುಗಳನ್ನು ಬರೆದುಕೊಳ್ಳುತ್ತಾರೆ. ಈ ಟಿಪ್ಪಣಿಗೆ ಪೇಸ್ ನೋಟ್ಸ್ ಎನ್ನುತ್ತಾರೆ. ಪ್ರಚಲಿತವಾದ ಒಂದು ಪದ್ಧತಿಯಲ್ಲಿ ತಿರುವಿಗೆ 1ರಿಂದ 6ರವರೆಗೆ ಅಂಕೆ: 1 ತೀರ ಕಡಿದಾದ ತಿರುವು, 6 ವೇಗ ಇಳಿಸದೆ ಹೋಗಬಹುದಾದದ್ದು, ಹೇರ್‌ಪಿನ್‌ಗೆ ಅದರ ಹೆಸರೇ. ನಡುವಿನ ಸಂಖ್ಯೆ ಮೀಟರಿನಲ್ಲಿ ದೂರ. ಕನ್ನಡದಲ್ಲಿ ಓದಿದರೆ ಅದು ‘ಎಡ ನಾಲ್ಕು, ಐವತ್ತು, ಬಲ ಎರಡು, ಒಳಗೆ ಮೋರಿ, ಎಡ ಹೇರ್‌ಪಿನ್’ ಎಂದು ಲಯಬದ್ಧವಾಗಿ ಬರುತ್ತದೆ. ಕಂಡಕ್ಟರನೊಬ್ಬ ‘ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುವುದನ್ನು ಕೇಳಿ ಬೆಳೆದ ಕಿವಿಗೆ ಇದು ಅಪರಿಚಿತ ಕಲೆಯಲ್ಲ.

ಆಟದಲ್ಲಿ ಈ ಮಾತುಗಳನ್ನು ರಸ್ತೆಯ ಉದ್ದಕ್ಕೂ ನೆಟ್ಟ ಅದೃಶ್ಯ ಗುರುತುಗಳು ಹೊರಡಿಸುತ್ತವೆ. ಕಾರಿನ ವೇಗ ಹೆಚ್ಚಾದಷ್ಟೂ ಮಾತು ಬೇಗ ಬರಬೇಕು. ಹೇರ್‌ಪಿನ್‌ಗಳು ಬೆನ್ನು ಬೆನ್ನಿಗೆ ಬಂದರೆ ಒಂದು ಮುಗಿಯುವ ಮೊದಲೇ ಇನ್ನೊಂದು ಆರಂಭವಾಗಬಾರದು. ಆಗುಂಬೆಯ ಹದಿನಾಲ್ಕು ತಿರುವುಗಳಂಥ ಜಾಗದಲ್ಲಿ ಈ ಹೊಂದಾಣಿಕೆ ತಪ್ಪುವುದು ಸುಲಭ. ಪ್ರಿವ್ಯೂ ಪ್ರತಿಗಳಲ್ಲಿ ಹೆಚ್ಚಾಗಿ ಎಡವುವ ಭಾಗವೂ ಇದೇ, ಬಿಡುಗಡೆಯ ಹೊತ್ತಿಗೆ ಬಹುತೇಕ ಸರಿಹೋಗುವ ಭಾಗವೂ ಇದೇ. ಮಂಜಿನ ಸ್ಟೇಜ್‌ನಲ್ಲಿ ಚಾಲಕನಿಗೆ ಉಳಿಯುವುದು ಈ ದನಿಯೊಂದೇ.

ಮೊದಲ ಅರ್ಧ ಗಂಟೆ

ಆಡಲು ಸಿಗುವ ಸಮಯ ಕಡಿಮೆಯಿದ್ದರೆ ಹತ್ತು ಕಾರುಗಳನ್ನು ಒಮ್ಮೊಮ್ಮೆ ಓಡಿಸುವುದಕ್ಕಿಂತ ಒಂದೇ ಕಾರನ್ನು ಹತ್ತು ಬಾರಿ ಓಡಿಸುವುದು ಮೇಲು. ಕಾರು ಶಕ್ತಿ ಕಡಿಮೆಯದಾಗಿ, ಮುಂದಿನ ಚಕ್ರಗಳಿಂದ ಎಳೆಸಿಕೊಳ್ಳುವಂಥದ್ದಾಗಿರಲಿ. ಬಲಶಾಲಿ ಕಾರು ಆಟದ ತಪ್ಪುಗಳನ್ನು ವೇಗದಲ್ಲಿ ಮುಚ್ಚುತ್ತದೆ. ಜಾರದಂತೆ ತಡೆಯುವ ನೆರವುಗಳನ್ನೆಲ್ಲ ಮೊದಲು ಆಫ್ ಮಾಡಬೇಕು, ಇಲ್ಲವಾದರೆ ಪರೀಕ್ಷೆಗೆ ಒಳಗಾಗುವುದು ಟೈರಲ್ಲ, ನೆರವು.

ಮೊದಲು ನೇರ ರಸ್ತೆಯಲ್ಲಿ ಬ್ರೇಕು ಹಿಡಿದು, ಕಾರಿನ ಮೂತಿ ತಗ್ಗುವುದನ್ನೂ ಅದರೊಂದಿಗೆ ಮುಂಚಕ್ರಗಳ ಹಿಡಿತ ಹೆಚ್ಚುವುದನ್ನೂ ಗಮನಿಸಬಹುದು. ಭಾರ ಹೀಗೆ ಮುಂದಕ್ಕೆ ಸರಿದಾಗ ಹಿಂಭಾಗ ಹಗುರಾಗಿ ಕಾರು ಸುಲಭವಾಗಿ ತಿರುಗುತ್ತದೆ. ರ‍್ಯಾಲಿ ಚಾಲಕರು ತಿರುವಿನ ಬಾಯಲ್ಲಿ ಬ್ರೇಕನ್ನು ಮೆಲ್ಲಗೆ ಬಿಡುತ್ತ ಒಳಗೆ ಹೋಗುವುದು ಇದನ್ನು ಬಳಸಿಕೊಳ್ಳಲು. ಅನಂತರ ಒಂದೇ ತಿರುವಿಗೆ ಪ್ರತಿ ಸಲವೂ ಎರಡು ಮೂರು ಕಿಲೋಮೀಟರ್ ವೇಗ ಏರಿಸಿ ಬರಬೇಕು. ಹಿಡಿತ ಗೋಡೆಗೆ ಬಡಿದಂತೆ ಒಮ್ಮೆಲೆ ಮುಗಿಯುತ್ತದೆಯೋ, ಇಳಿಜಾರಿನಂತೆ ಮೆಲ್ಲಗೆ ಕರಗುತ್ತದೆಯೋ ಎಂಬುದು ಐದಾರು ಸುತ್ತಿನಲ್ಲಿ ತಿಳಿಯುತ್ತದೆ. ಕೊನೆಯಲ್ಲಿ ಎರಡು ಚಕ್ರಗಳನ್ನು ಡಾಂಬರಿನ ಮೇಲೂ ಎರಡನ್ನು ಮಣ್ಣಿನ ಮೇಲೂ ಇಟ್ಟು ಬ್ರೇಕು ಹಿಡಿದರೆ ಕಾರು ಡಾಂಬರಿನ ಕಡೆಗೆ ಎಳೆಯಬೇಕು. ನಾಲ್ಕು ಚಕ್ರಗಳಿಗೂ ಪ್ರತ್ಯೇಕ ಲೆಕ್ಕ ಇಲ್ಲದ ಆಟ ಈ ಪರೀಕ್ಷೆಯಲ್ಲಿ ನೇರ ಹೋಗಿ ಸಿಕ್ಕಿಬೀಳುತ್ತದೆ.

ಬಳಕೆ

ಆಟದಿಂದ ನಿಜವಾದ ಕಾರಿಗೆ ದಾಟಿದವರಿದ್ದಾರೆ. ನಿಸ್ಸಾನ್ ಮತ್ತು ಸೋನಿ 2008ರಲ್ಲಿ ಆರಂಭಿಸಿದ ಜಿಟಿ ಅಕಾಡೆಮಿ, ‘ಗ್ರಾನ್ ಟುರಿಸ್ಮೊ’ ಆಟಗಾರರಿಂದ ರೇಸ್ ಚಾಲಕರನ್ನು ಆರಿಸಿತು. ಮೊದಲ ವಿಜೇತ ಸ್ಪೇನಿನ ಲೂಕಾಸ್ ಓರ್ಡೋನ್ಯೆಸ್. 2018ರಲ್ಲಿ ವಿಶ್ವ ರ‍್ಯಾಲಿಯ ಇ-ಸ್ಪೋರ್ಟ್ಸ್ ಪ್ರಶಸ್ತಿ ಗೆದ್ದ ಉತ್ತರ ಐರ್ಲೆಂಡಿನ ಜಾನ್ ಆರ್ಮ್‌ಸ್ಟ್ರಾಂಗ್ ನಿಜವಾದ ರ‍್ಯಾಲಿಯಲ್ಲೂ ಚಾಲಕ, ರ‍್ಯಾಲಿ ಆಟ ತಯಾರಿಸುತ್ತಿದ್ದ ಕೋಡ್‌ಮಾಸ್ಟರ್ಸ್‌ನಲ್ಲಿ ವಿನ್ಯಾಸಕರಾಗಿಯೂ ದುಡಿದವರು.

ಆಟ ಕಟ್ಟುವ ಕೆಲಸದಲ್ಲಿ ಕರ್ನಾಟಕದ ಪಾಲೂ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್, ಭಾರತದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ‘ಫೋರ್ಜಾ’ ಸರಣಿಯಂಥ ರೇಸಿಂಗ್ ಆಟಗಳಿಗೆ ಅದು ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು.

ದುಬಾರಿ ಚಕ್ರ, ಕಂಪ್ಯೂಟರುಗಳ ಆಚೆ, ಮೊಬೈಲಿನಲ್ಲಿ ಬೇರೆಯದೇ ಲೋಕವಿದೆ. 2017ರಲ್ಲಿ ಬಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಆಟಗಾರರೇ ತಯಾರಿಸಿದ ವಾಹನಗಳನ್ನು ಸೇರಿಸಿಕೊಳ್ಳಲು ಅವಕಾಶ ಕೊಟ್ಟಿತು. ಕನ್ನಡದ ಹುಡುಗರು ಅದರೊಳಗೆ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸನ್ನೂ ರಾಜಹಂಸವನ್ನೂ ಇಳಿಸಿದ್ದಾರೆ. ಮೊಬೈಲನ್ನೇ ಸ್ಟೇರಿಂಗಿನಂತೆ ವಾಲಿಸಿ ಓಡಿಸಬಹುದು. ಕೈಗೆ ಯಾವ ಬಲವೂ ಮರಳುವುದಿಲ್ಲ. ಇಂಡೊನೇಷ್ಯಾದಲ್ಲೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಚಲಿಸುವುದರಿಂದ, ಜಾವಾ ದ್ವೀಪದ ರಸ್ತೆಯಲ್ಲಿ ಆ ಕೆಂಪು ಬಸ್ಸು ಬದಿ ಬದಲಿಸಬೇಕಾಗಿ ಬಂದಿಲ್ಲ.